ಮೇಷ್ಟ್ರಿಗೆ ಮರೆವಿರಲಿಲ್ಲ

ರುದ್ರಪ್ಪ ಮೇಷ್ಟ್ರಿಗೆ ಮರೆವು ಹತ್ತಿತ್ತು, ಅದಕ್ಕೇ ಸರ್ಕಾರ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ — ಶಿರಾಳಕೊಪ್ಪದ ಸಂತೆಯಿಂದ ಸೊರಬದ ಬಸ್ ನಿಲ್ದಾಣದವರೆಗೆ ಯಾರನ್ನು ಕೇಳಿದರೂ ಇದೇ ಮಾತು. ಹೇಳುವವರು ಕೊನೆಗೊಂದು ‘ಪಾಪ’ ಸೇರಿಸುತ್ತಾರೆ. ಎಲ್ಲರೂ ಹೇಳುತ್ತಾರೆಂದು ಒಂದು ಮಾತನ್ನು ನಂಬುವವನಲ್ಲ ನಾನು. ಇದನ್ನು ಮೊದಲು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವುದು ನನಗೆ ಅಭ್ಯಾಸ. ಈ ಸಲ ಕೇಳಬೇಕಾಗಿಲ್ಲ. ಮೊದಲು ಹೇಳಿದವನು ನಾನೇ.

ಮೇಷ್ಟ್ರಿಗೆ ಮರೆವಿರಲಿಲ್ಲ. ಅವರ ಮೇಲೆ ಹೋದ ಮೂಗರ್ಜಿಯನ್ನು, ಅಂದರೆ ಹೆಸರು ಸಹಿ ಇಲ್ಲದ ಆ ದೂರನ್ನು, ಬರೆದವನೂ ನಾನು. ಅವರನ್ನು ವಾಪಸು ಕೊಡಿ ಎಂದು ಊರವರ ಪರವಾಗಿ ಅರ್ಜಿ ಬರೆದವನೂ ನಾನು. ಎರಡನ್ನೂ ಬರೆದದ್ದು ಒಂದೇ ವಾರದಲ್ಲಿ. ಎರಡು ವರ್ಷದಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಈಗಲೂ ಊರಿನ ಹೆಸರು ಬರೆಯುವುದಿಲ್ಲ, ಮನುಷ್ಯರ ಹೆಸರುಗಳನ್ನು ಬದಲಿಸಿದ್ದೇನೆ, ನನ್ನದನ್ನೂ ಸೇರಿಸಿ. ಇದನ್ನು ಧೈರ್ಯ ಅನ್ನುವುದಿಲ್ಲ ಎಂದು ಗೊತ್ತು.

ನನ್ನನ್ನು ನಿಂಗಪ್ಪ ಎಂದುಕೊಳ್ಳಿ. ಕುರಿ ಕಾಯುವವರ ಮನೆಯವನು. ಶಿಕಾರಿಪುರದ ಹೈಸ್ಕೂಲಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅಲ್ಲಿ ವೇದಿಕೆ ಹತ್ತುವ ಮುಂಚೆ ಒಂದು ಚೀಟಿ ಎತ್ತಬೇಕು. ಅದರಲ್ಲಿ ‘ಪರ’ ಎಂದಿದ್ದರೆ ಪರ, ‘ವಿರೋಧ’ ಎಂದಿದ್ದರೆ ವಿರೋಧ. ನನಗೆ ಯಾವ ಚೀಟಿ ಬಂದರೂ ಒಂದೇ. ಎದುರಾಳಿಯ ಮಾತಿನಲ್ಲಿ ಅವನು ಅಲ್ಲಗಳೆಯಲಾರದ ಒಂದೇ ಒಂದು ಸಂಗತಿಯನ್ನು ಹುಡುಕಿ ಅಲ್ಲಿ ಬೆರಳಿಡು ಎಂದು ನಮಗೆ ಕಲಿಸಿದ್ದರು. ಬೆರಳಿಡುವುದನ್ನು ಚೆನ್ನಾಗಿಯೇ ಕಲಿತೆ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಾರನೆಯ ವರ್ಷ ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿಯೇ ನನಗೆ ಕೆಲಸ ಸಿಕ್ಕಿತು. ತರಬೇತಿ ಇಲ್ಲದ ಹಂಗಾಮಿ ಮೇಷ್ಟ್ರು ನಾನು. ಹೆಡ್‌ಮಾಸ್ಟರು ರುದ್ರಪ್ಪನವರು. ನನಗೆ ಅಕ್ಷರ ತಿದ್ದಿಸಿದವರು ಅವರೇ. ಐವತ್ತೈದು ತುಂಬಿತೆಂದು ಅವರು ನಿವೃತ್ತರಾದ ಮೇಲೆ ನಾಲ್ಕು ತರಗತಿಗೂ ನಾನೊಬ್ಬನೇ ಉಳಿದೆ. ಅವರ ಜಾಗಕ್ಕೆಂದು ದಾವಣಗೆರೆ ಕಡೆಯವರೊಬ್ಬರು ಟ್ರಂಕು ಹಿಡಿದು ಬಂದರು, ಊರು ನೋಡಿದರು, ಟ್ರಂಕು ಬಿಚ್ಚದೆಯೇ ಮಧ್ಯಾಹ್ನದ ಬಸ್ಸಿಗೆ ಹೊರಟರು. ಇನ್ನೊಬ್ಬರು ಬರಲೇ ಇಲ್ಲ, ಜ್ವರವೆಂದು ಕಾಗದ ಮಾತ್ರ ಬಂತು. ಒಂದನೆಯ ತರಗತಿಗೆ ಮಗ್ಗಿ ಹೇಳಿಕೊಡುವಾಗ ಮೂರನೆಯದು ಜಗಳಕ್ಕೆ ಬೀಳುತ್ತಿತ್ತು. ಜಗಳ ಬಿಡಿಸಿ ಬರುವಷ್ಟರಲ್ಲಿ ಒಂದನೆಯದು ಮನೆಗೆ ಹೋಗಿರುತ್ತಿತ್ತು.

ರಾಜ್ಯ ಒಂದಾದ ಮಾರನೆಯ ವರ್ಷದ ಮಾತು. ಮೇಷ್ಟ್ರುಗಳ ಅಭಾವವಿರುವ ಕಡೆ, ಮೈಯಲ್ಲಿ ಕಸುವಿರುವ ನಿವೃತ್ತ ಉಪಾಧ್ಯಾಯರನ್ನು ಮತ್ತೆ ತೆಗೆದುಕೊಳ್ಳಬಹುದು ಎಂದು ಹುಕುಂ ಬಂದಿದೆಯೆಂದು ಸುದ್ದಿ ಹಬ್ಬಿತು. ಊರಿನ ಪಟೇಲರು ಬಸಣ್ಣಗೌಡರು ಸೀದಾ ಶಾಲೆಗೇ ಬಂದರು.

“ಏನ್ರೀ ಚರ್ಚೆ ಮೇಷ್ಟ್ರೇ, ಒಂದು ಅರ್ಜಿ ಬರ್ದುಕೊಡ್ರೀ. ಓದಿದ ಸಾಹೇಬ ಎದ್ದು ನಿಂತ್ಕಬೇಕು, ಹಂಗಿರ್ಲಿ. ನಮ್ಮ ರುದ್ರಪ್ಪ ಮೇಷ್ಟ್ರನ್ನ ನಮಗೆ ವಾಪಸ್ ಕೊಡ್ರಿ ಅಂತ.”

“ಅವರಿಗೆ ವಯಸ್ಸಾಯ್ತಲ್ಲ ಗೌಡ್ರೇ” ಎಂದೆ. ವಾದ ಮಾಡುವ ಚಟಕ್ಕೆ ಅಷ್ಟೇ.

“ವಯಸ್ಸು? ಅವರ ವಯಸ್ಸು ಬರ್ದೋರು ಅವರ ಮೇಷ್ಟ್ರು. ಆ ಮನುಷ್ಯಂಗೆ ಎರಡು ವರ್ಸ ಜಾಸ್ತಿ ಬರ್ದುಬಿಟ್ಟಾರೆ ಅಂತ ರುದ್ರಪ್ಪನವರೇ ನಗಾಡ್ತಾರೆ. ನೀವು ಬರೀರಿ.”

ಬರೆದೆ. ಚೆನ್ನಾಗಿ ಬರೆದೆ — ಇದನ್ನು ಜಂಬದಿಂದ ಹೇಳುತ್ತಿಲ್ಲ, ಅಪರಾಧದ ಒಂದು ಭಾಗವೆಂದು ಹೇಳುತ್ತಿದ್ದೇನೆ. ಓದಿ ಹೇಳಿದಾಗ ಗೌಡರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಊರವರು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ನನ್ನ ಅವ್ವನ ಹೆಬ್ಬೆಟ್ಟೂ ಅದರಲ್ಲಿತ್ತು.

ಅರ್ಜಿಯನ್ನು ಸೊರಬದ ವಿದ್ಯಾ ಇಲಾಖೆಯ ಕಚೇರಿಗೆ ಕೊಟ್ಟುಬರಲು ಹೋದವನು ನಾನೇ. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಅದನ್ನು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ನಕ್ಕರು.

“ಏನು ಮಾರಾಯ್ರೇ, ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹೊತ್ತು ತಂದ್ರಲ್ಲ! ಟ್ರೈನಿಂಗ್ ಆದ ಮೇಷ್ಟ್ರು ಬಂದು ಕೂತ ಮೇಲೆ ಟ್ರೈನಿಂಗ್ ಆಗದ ನಿಮ್ಮನ್ನ ಯಾಕೆ ಇಟ್ಕೋತಾರೆ ಹೇಳಿ?”

ತಮಾಷೆಗೆ ಅಂದರೋ, ನಿಜಕ್ಕೂ ಅಂದರೋ — ನಾನು ಕೇಳಲಿಲ್ಲ. ಹುಕುಮಿನ ಪ್ರತಿ ಅವರ ಮೇಜಿನ ಮೇಲೆಯೇ ಇದ್ದಿರಬೇಕು. ತೋರಿಸಿ ಎನ್ನಲಿಲ್ಲ. ಯಾರ ಮಾತನ್ನೂ ಕಾಗದ ನೋಡದೆ ನಂಬದ ನಾನು ಅವತ್ತು ಒಬ್ಬ ಗುಮಾಸ್ತರ ನಗುವನ್ನು ನಂಬಿದೆ. ಭಯ ಹತ್ತಿದವನಿಗೆ ಪುರಾವೆ ಬೇಕಾಗುವುದಿಲ್ಲ. ಕೆಲಸ ಹೋದರೆ ನಾನು ಮತ್ತೆ ಕುರಿ ಹಿಂದೆ — ಹಟ್ಟಿಯ ವಾಸನೆ, ಅಪ್ಪನ ಕೋಲು, ‘ಕಪ್ ಗೆದ್ದ ಸಾಹೇಬ್ರು ಬಂದ್ರು ನೋಡ್ರೋ’ ಎನ್ನುವ ಜನ. ಮನೆ ಮುಟ್ಟುವವರೆಗೂ ಅದನ್ನೇ ಕಾಣುತ್ತಿದ್ದೆ.

ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ನಾಲ್ಕನೆಯ ದಿನ ಮನಸ್ಸಿನಲ್ಲಿ ‘ವಿರೋಧ’ ಎಂಬ ಚೀಟಿ ಎತ್ತಿಕೊಂಡೆ.

ರುದ್ರಪ್ಪ ಮೇಷ್ಟ್ರ ಮೇಲೆ ಏನೆಂದು ಬರೆಯುವುದು? ಕುಡಿಯುವವರಲ್ಲ. ಹೊಡೆಯುವವರಲ್ಲ. ಹಾಜರಿ ತಪ್ಪಿಸಿದವರಲ್ಲ. ಅಲ್ಲಗಳೆಯಲಾಗದ ಒಂದು ಸಂಗತಿ ಬೇಕಿತ್ತು. ಹುಡುಕಿದೆ, ಸಿಕ್ಕಿತು — ದಾಖಲಾತಿ ಪುಸ್ತಕ.

ನಮ್ಮ ಕಡೆ ಮಕ್ಕಳ ಹುಟ್ಟಿದ ತಾರೀಖನ್ನು ಯಾರೂ ಬರೆದಿಡುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸುವ ದಿನ ಅವ್ವಂದಿರು ಬಾಗಿಲಲ್ಲಿ ನಿಂತು, ಕೆಂದೆತ್ತು ಸತ್ತ ವರ್ಷ, ದೊಡ್ಡ ಮಳೆಗೆ ಗೋಡೆ ಬಿದ್ದ ವರ್ಷ, ಹೀಗೆ ಹೇಳುತ್ತಾರೆ. ಮೇಷ್ಟ್ರು ಬೆರಳು ಮಡಿಸಿ ಎಣಿಸಿ ಒಂದು ತಾರೀಖು ಬರೆಯುತ್ತಾರೆ. ಆ ತಾರೀಖೇ ಮುಂದೆ ಆ ಮಗುವಿನ ಜನ್ಮದಿನ, ಸಾಯುವವರೆಗೆ. ಎಲ್ಲಾ ಊರಿನಲ್ಲೂ ಹೀಗೇ ನಡೆಯುತ್ತದೆ, ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತಿರುವುದು ಕಾಗದದ ಮೇಲೆ ಬಂದರೆ ಅಪರಾಧವಾಗುತ್ತದೆ — ಇಷ್ಟು ನನಗೆ ತಿಳಿದಿತ್ತು. ‘ಈ ಉಪಾಧ್ಯಾಯರು ಮಕ್ಕಳ ಜನ್ಮದಿನಾಂಕವನ್ನು ಬೇಕೆಂದೇ ಸುಳ್ಳು ಬರೆದವರು, ದಾಖಲಾತಿ ಪುಸ್ತಕ ತರಿಸಿ ನೋಡಿರಿ’ ಎಂದು ಅದೇ ಕಚೇರಿಗೆ ಬರೆದೆ. ಕೈಬರಹ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಸೊರಬದಲ್ಲಿ ಹಾಕಿದರೆ ಅನುಮಾನ ಬಂದೀತೆಂದು ಸಂತೆಯ ದಿನ ಶಿರಾಳಕೊಪ್ಪಕ್ಕೆ ಹೋಗಿ, ಜನರ ನಡುವೆ ನುಗ್ಗಿ, ಅಂಚೆ ಡಬ್ಬಿಗೆ ಹಾಕಿದೆ.

ಕೈ ಇನ್ನೂ ಡಬ್ಬಿಯ ಬಾಯಲ್ಲೇ ಇತ್ತು, ಆಗ ನೆನಪಾಯಿತು — ಆ ಪುಸ್ತಕದಲ್ಲಿ ನನ್ನ ಹೆಸರೂ ಇದೆ.

ನನ್ನನ್ನು ಶಾಲೆಗೆ ಸೇರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಒಂಬತ್ತು ವರ್ಷದವನಿಗೆ ಏಕೆ ನೆನಪಿರುವುದಿಲ್ಲ? ಅವ್ವ ಹೇಳಿದ್ದಳು, “ಅಂಜನಾಪುರದ ಕಟ್ಟೆಗೆ ಮಣ್ಣು ಹೊರಾಗ ಇವ್ನು ಹೊಟ್ಟ್ಯಾಗಿದ್ದ ನೋಡ್ರೀ.” ಮೇಷ್ಟ್ರು ಎಣಿಸಿದರು. ಒಂಬತ್ತು ಬಂತು. ನನ್ನನ್ನು ನೋಡಿದರು. “ಮೂರು ವರ್ಷ ಕುರಿ ಹಿಂದೆ ಹೋದದ್ದು ಇವನ ತಪ್ಪಲ್ಲ ಕಣವ್ವ. ಅದನ್ನ ಲೆಕ್ಕಕ್ಕೆ ಹಿಡಿಯೋದು ಬೇಡ” ಎಂದು ಆರು ಎಂದು ಬರೆದರು. ಮುಂದೆ ಶಿಕಾರಿಪುರದ ಉಚಿತ ಹಾಸ್ಟೆಲಿನಲ್ಲಿ ಸೀಟು ಕೊಡುವಾಗ ವಯಸ್ಸಿನ ಮಿತಿ ಇತ್ತು. ಆ ಮೂರು ವರ್ಷ ಇಲ್ಲದಿದ್ದರಿಂದಲೇ ಒಳಗೆ ಬಂದೆ. ನನ್ನ ಓದು, ಚರ್ಚೆಯಲ್ಲಿ ಗೆದ್ದ ಕಪ್ಪುಗಳು, ನನ್ನ ಕೆಲಸ — ಎಲ್ಲ ಮೇಷ್ಟ್ರು ಬರೆದ ಆ ಒಂದು ಸಾಲಿನ ಮೇಲೆ ನಿಂತಿದ್ದವು. ಬೇರೆ ಮಕ್ಕಳದ್ದು ಅಂದಾಜು. ನನ್ನದೊಂದೇ ಗೊತ್ತಿದ್ದೂ ತಪ್ಪು ಬರೆದದ್ದು.

ಮೂಗರ್ಜಿಯಲ್ಲಿ ‘ಬೇಕೆಂದೇ’ ಎಂದು ಬರೆದಿದ್ದೆ. ಮೇಷ್ಟ್ರು ಬೇಕೆಂದೇ ಬರೆದ ಸುಳ್ಳು ಯಾವುದಾದರೂ ಇದ್ದರೆ ಅದು ನಾನು.

ಅಂಚೆಯವನು ಡಬ್ಬಿ ಬಿಚ್ಚಲು ಬರುವವರೆಗೆ ಬಿಸಿಲಲ್ಲಿ ಕಾದೆ. ಕಾಗದವನ್ನು ತಪ್ಪಿ ಹಾಕಿದೆ, ವಾಪಸು ಕೊಡಿ ಎಂದು ಬೇಡಿದೆ.

“ಹಾಕಿದ ಮ್ಯಾಲೆ ಅದು ನಿಮ್ದಲ್ರೀ, ಸರ್ಕಾರದ್ದು. ಯಾರಿಗೆ ಬರ್ದಿದ್ರಿ? ಹೆಣ್ಣಿನ ಮನಿಗೇನು?” ಎಂದು ಅವನು ಕಣ್ಣು ಮಿಟುಕಿಸಿದ. “ಹೆಸ್ರು ಹೇಳ್ರಿ, ತೆಗೆದು ನೋಡಾಣ. ಪೋಸ್ಟ್ ಮಾಸ್ತರಿಗೆ ಒಂದು ಚೀಟಿ ಬರ್ಕೊಟ್ಟು ಸಹಿ ಹಾಕ್ಬೇಕು, ಅಷ್ಟೇಯ.”

ಯಾರ ಹೆಸರು ಹೇಳುವುದು? ಏನೆಂದು ಸಹಿ ಹಾಕುವುದು? “ಹೋಗ್ಲಿ ಬಿಡಿ” ಎಂದೆ. ಅವನು ಚೀಲ ಹೆಗಲಿಗೇರಿಸಿಕೊಂಡು ನಗುತ್ತಾ ಹೋದ.

ಆಮೇಲಿನ ಒಂದೂವರೆ ತಿಂಗಳು ನಾನು ಹೇಗಿದ್ದೆ — ರಸ್ತೆಯ ಕಡೆಯಿಂದ ಸೈಕಲ್ ಗಂಟೆ ಕೇಳಿದರೆ ಹಲಗೆಯ ಮೇಲೆ ಬರೆಯುತ್ತಿದ್ದ ಅಕ್ಷರ ಅರ್ಧಕ್ಕೇ ನಿಲ್ಲುತ್ತಿತ್ತು. ದಾಖಲಾತಿ ಪುಸ್ತಕ ನನ್ನ ಸುಪರ್ದಿನಲ್ಲೇ, ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಮಕ್ಕಳು ಆಟಕ್ಕೆ ಹೋದಾಗ ತೆಗೆದು ನನ್ನ ಪುಟ ನೋಡುತ್ತಿದ್ದೆ. ಹರಿದರೆ? ಹರಿದ ಪುಟ ಹರಿದವನ ಕಡೆಗೇ ಬೆರಳು ತೋರಿಸುತ್ತದೆ. ಮಸಿ ಚೆಲ್ಲಿದರೆ? ಆ ಸಾಲಿನ ಮೇಲೇ ಏಕೆ ಚೆಲ್ಲಿತು ಎನ್ನುತ್ತಾರೆ. ಗೆದ್ದಲಿಗೆ ಬಿಟ್ಟರೆ? ಗೆದ್ದಲಿಗೆ ಅಷ್ಟು ಅವಸರವಿಲ್ಲ. ನನ್ನ ಪರ ನಾನೇ ಎದ್ದು ನಿಂತು, ನನ್ನ ವಿರೋಧವೂ ನಾನೇ ಎದ್ದು ನಿಂತು, ಪ್ರತಿ ಸಲವೂ ವಿರೋಧವೇ ಗೆಲ್ಲುತ್ತಿತ್ತು.

ಇದರ ನಡುವೆ ಮೇಷ್ಟ್ರು ಶಾಲೆಗೆ ಬರತೊಡಗಿದರು! ನೇಮಕದ ಹುಕುಂ ಬರುವವರೆಗೆ ಮನೆಯಲ್ಲಿ ಸುಮ್ಮನೆ ಯಾಕೆ ಕೂರಬೇಕು ಎಂದು, ಸಂಬಳವಿಲ್ಲದೆ, ಒಗೆದ ಪಂಚೆ ಉಟ್ಟು, ಗಂಟೆ ಹೊಡೆಯುವ ಮುಂಚೆ ಬಂದು ಜಗಲಿಯ ಮೇಲೆ ಒಂದು ಮತ್ತು ಎರಡನೆಯ ತರಗತಿ ಕೂರಿಸಿಕೊಳ್ಳುತ್ತಿದ್ದರು. ಪ್ರತಿ ಮಗುವಿನ ಹೆಸರು, ಅದರ ಅವ್ವನ ಹೆಸರು, ಮನೆಯಲ್ಲಿ ಈ ಸಲ ಯಾವ ಎಮ್ಮೆ ಕರು ಹಾಕಿತು — ಎಲ್ಲ ಅವರಿಗೆ ಗೊತ್ತು. ಒಂದು ದಿನ ಬುತ್ತಿ ಬಿಚ್ಚುವಾಗ ನನ್ನನ್ನು ಪಕ್ಕಕ್ಕೆ ಕರೆದರು.

“ನಿಂಗಪ್ಪ, ನಾನ್ಯಾಕೆ ವಾಪಸ್ ಬರ್ತಿದೀನಿ ಗೊತ್ತೇನೋ?”

“ಗೊತ್ತಿಲ್ಲ ಮೇಷ್ಟ್ರೇ.”

“ನಿನ್ನ ಸಲುವಾಗಿ ಕಣೋ. ನೀನೊಬ್ನೇ ಇದ್ರೆ ನಿನ್ನನ್ನ ಟ್ರೈನಿಂಗಿಗೆ ಬಿಡಲ್ಲ, ಶಾಲೆ ಮುಚ್ಚುತ್ತಲ್ಲ. ಟ್ರೈನಿಂಗ್ ಆಗದೆ ಎಷ್ಟು ದಿನ ಹಂಗಾಮಿ ಅಂತ ಇರ್ತೀಯ? ನಾನು ಒಂದು ವರ್ಷ ಇಲ್ಲಿ ನೋಡ್ಕೋತೀನಿ. ನೀನು ಹೋಗಿ ಮುಗಿಸ್ಕೊಂಡು ಬಾ. ಆಮೇಲೆ ನಾನು ಮನೇಲಿ ಕಾಲು ಚಾಚ್ಕೊಂಡು ಕೂರ್ತೀನಿ.”

“ಆದರೆ ನೀವು ಬಂದರೆ ನನ್ನನ್ನು — ನನ್ನ ಕೆಲಸ —”

“ಯಾರು ಹೇಳಿದ್ದು ನಿಂಗೆ? ಖಾಲಿ ಇರೋದು ನನ್ನ ಜಾಗ. ನಾನು ಬರೋದೂ ಅದಕ್ಕೇ. ಹುಕುಂ ಓದಿಲ್ವ ನೀನು?”

ಓದಿರಲಿಲ್ಲ. ಆ ಕ್ಷಣವೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವರು ನನ್ನ ಎಲೆಗೆ ಉಪ್ಪಿನಕಾಯಿ ಹಾಕುತ್ತಿದ್ದರು. “ಏನೋ?” ಎಂದರು. “ಖಾರ ಜಾಸ್ತಿ ಮೇಷ್ಟ್ರೇ” ಎಂದೆ.

ಶಾಲಾ ಇನ್‌ಸ್ಪೆಕ್ಟರು ಬಂದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ. ಒಳ್ಳೆಯ ಮನುಷ್ಯ, ವಿಚಾರಣೆಗೆ ಬಂದವರಂತೆ ಕಾಣುತ್ತಿರಲಿಲ್ಲ. ಗೌಡರು ಎಳನೀರು ಕೊಡಿಸಿದರು. ಕುಡಿದು, ಬಾಯಿ ಒರೆಸಿಕೊಂಡು, ಜೇಬಿನಿಂದ ಒಂದು ಲಕೋಟೆ ತೆಗೆದರು. ನೋಡುತ್ತಲೇ ಗುರುತು ಹಿಡಿದೆ. ಎದ್ದು ನಿಂತೆ. ಅವರು ಅದನ್ನು ಗಟ್ಟಿಯಾಗಿ ಓದಿ, ಮೇಷ್ಟ್ರ ಕೈಗೆ ಕೊಟ್ಟರು. “ಯಾರ ಅಕ್ಷರ ಅಂತ ಗೊತ್ತಾಗುತ್ತಾ ನೋಡಿ.”

ಇಲ್ಲಿ ಒಂದು ಸಂಗತಿ ಹೇಳಬೇಕು. ಶಾಲೆಗೆ ಸೇರಿದ ಹೊಸತರಲ್ಲಿ ನಾನು ಎಡಚ. ಬಳಪವನ್ನು ಎಡಗೈಯಿಂದ ಬಲಗೈಗೆ ಬದಲಿಸಿದವರು ಮೇಷ್ಟ್ರು. ಹೊಡೆಯದೆ, ದಿನಾ ಕೈ ಹಿಡಿದು. ನನ್ನ ಎಡಗೈಯ ಅಕ್ಷರ ಹೇಗಿರುತ್ತದೆಂದು ಭೂಮಿಯ ಮೇಲೆ ಬಲ್ಲವರು ಅವರೊಬ್ಬರೇ. ಇದು ನನಗೆ ಹೊಳೆದದ್ದು ಕಾಗದ ಅವರ ಕೈಗೆ ಹೋದ ಮೇಲೆ. ಅವರು ಕಾಗದವನ್ನು ಹತ್ತಿರ ಹಿಡಿದರು. ದೂರ ಹಿಡಿದರು. ಮಡಿಸಿದರು.

“ಗೊತ್ತಾಗಲ್ಲ ಸ್ವಾಮಿ.”

ಇನ್‌ಸ್ಪೆಕ್ಟರು ದಾಖಲಾತಿ ಪುಸ್ತಕ ತರಲು ಹೇಳಿದರು. ಪೆಟ್ಟಿಗೆಯ ಬೀಗ ತೆಗೆಯಲು ನಾನು ಮೂರು ಸಲ ಪ್ರಯತ್ನಿಸಬೇಕಾಯಿತು. ಸಾಹೇಬರು ಪುಟ ತಿರುಗಿಸುತ್ತಾ ಹುಬ್ಬೇರಿಸಿದರು.

“ಏನ್ರೀ ಇದು, ಅರ್ಧ ಊರು ಮೇ ಇಪ್ಪತ್ತಕ್ಕೇ ಹುಟ್ಟಿದೆಯಲ್ಲ?”

“ಹೂಂ ಸ್ವಾಮಿ” ಎಂದರು ಗೌಡರು. “ಮಳಿ ಬಿದ್ದ ಮ್ಯಾಲೆ ಹೊಲ ಗದ್ದಿ ಕೆಲಸ ಇರ್ತೈತಲ್ರೀ. ಆಮ್ಯಾಲೆ ಹುಟ್ಟಾಕೆ ಪುರುಸೊತ್ತೆಲ್ಲಿ?”

ಸಾಹೇಬರು ನಕ್ಕುಬಿಟ್ಟರು. ಮೇಷ್ಟ್ರೂ ನಕ್ಕರು. ಒಂದು ಕ್ಷಣ — ಒಂದೇ ಕ್ಷಣ — ಎಲ್ಲ ಮುಗಿಯಿತು ಎನಿಸಿತು. ಸಾಹೇಬರು ಪುಸ್ತಕ ಮುಚ್ಚುವುದರಲ್ಲಿದ್ದರು. “ನೋಡಿ ಮೇಷ್ಟ್ರೇ, ಅಂದಾಜು ಎಲ್ಲರೂ ಬರೀತಾರೆ, ಅದಕ್ಕೆ ನಾನೇನೂ ಅನ್ನಲ್ಲ. ಗೊತ್ತಿದ್ದೂ ತಪ್ಪು ಬರೆದದ್ದು ಯಾವುದಾದರೂ ಇದೆಯಾ? ಇಲ್ಲ ಅನ್ನಿ, ಇದನ್ನ ಹರಿದು ಹಾಕ್ತೀನಿ.”

‘ಇಲ್ಲ’ ಎಂಬ ಎರಡಕ್ಷರ. ಮೇಷ್ಟ್ರ ಬಾಯಿಂದ ಅದು ಬರಲಿಲ್ಲ. ಅವರು ಸುಳ್ಳು ಹೇಳಲು ತಡಕಾಡುತ್ತಿದ್ದರು, ಅಭ್ಯಾಸವಿರಲಿಲ್ಲ. ಆ ಮೌನಕ್ಕೆ ಸಾಹೇಬರು ಮತ್ತೆ ಪುಸ್ತಕದ ಕಡೆ ನೋಡಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ನನ್ನ ಹೆಸರಿನ ಮೇಲೆ ನಿಂತಿತು.

“ಇದು ನೀವೇ ಅಲ್ವೇನ್ರೀ?”

“ಹೌದು ಸಾರ್.”

“ನಿಮ್ಮದನ್ನ ಮೇಷ್ಟ್ರು ಸರಿಯಾಗಿ ಬರೆದಿದಾರಾ?”

ನನ್ನ ಮನೆ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಅವ್ವನನ್ನು ಕರೆಸಿದರೆ ಒಂದೇ ಉಸಿರಿಗೆ ಅಂಜನಾಪುರದ ಕಟ್ಟೆಯ ಕತೆ ಹೇಳುತ್ತಾಳೆ. ನನ್ನ ನಾಲಿಗೆ ಕಲಿತ ಕೆಲಸ ಮಾಡಿತು.

“ನಾನು ಆಗ ಸಣ್ಣವನು ಸಾರ್. ಬರೆದವರನ್ನೇ ಕೇಳಿ — ಅವರಿಗೆ ನೆನಪಿದ್ದರೆ.”

ಅವರಿಗೆ ನೆನಪಿದ್ದರೆ. ಎರಡು ವರ್ಷ ಈ ಎರಡು ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಗಾಬರಿಯಲ್ಲಿ ಬಂದದ್ದು ಎಂದು ಎಷ್ಟೋ ಸಲ ನನಗೆ ನಾನೇ ವಾದಿಸಿದ್ದೇನೆ. ಸುಳ್ಳು. ಅದು ಎರಡೂ ಕಡೆ ಮುಳ್ಳಿರುವ ಪ್ರಶ್ನೆಯೆಂದು ಆಡುವಾಗಲೇ ಗೊತ್ತಿತ್ತು. ನೆನಪಿದೆ ಎಂದರೆ ನಾನು ಹೋಗುತ್ತೇನೆ. ನೆನಪಿಲ್ಲ ಎಂದರೆ ಅವರು ಹೋಗುತ್ತಾರೆ. ಯಾವುದನ್ನು ಹೇಳುತ್ತಾರೆಂದು — ದೇವರಾಣೆ, ದೇವರನ್ನು ನಂಬದ ನಾನು ಆಣೆಯಿಡುತ್ತಿದ್ದೇನೆ — ಅದೂ ನನಗೆ ಗೊತ್ತಿತ್ತು.

ಮೇಷ್ಟ್ರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ತಪ್ಪು ಲೆಕ್ಕ ಮಾಡಿದ ಹುಡುಗನ ಸ್ಲೇಟನ್ನು, ಎಲ್ಲಿ ತಪ್ಪಿದ ಎಂದು ಹುಡುಕುತ್ತಾ ನೋಡುತ್ತಾರಲ್ಲ, ಹಾಗೆ.

“ನೆನಪಿಲ್ಲ ಸ್ವಾಮಿ” ಎಂದರು.

“ಇವರು ನಿಮ್ಮ ಕೈಯಲ್ಲೇ ಕಲಿತವರು, ನಿಮ್ಮ ಜೊತೆ ಕೆಲಸ ಮಾಡಿದವರು. ನೆನಪಿಲ್ವಾ?”

“ಇಲ್ಲ.”

“ಈ ಮುಂದಿನ ಸಾಲು?”

“ನೆನಪಿಲ್ಲ.”

ಸಾಹೇಬರ ಮುಖ ಬದಲಾಯಿತು. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಎರಡನೆಯ ತರಗತಿಯ ಹುಡುಗಿಯನ್ನು ತೋರಿಸಿದರು. “ಈ ಮಗು ಯಾರದು ಹೇಳಿ.” ನನ್ನ ವಿಷಯದಲ್ಲಿ ಮಾತ್ರ ಮರೆವು, ಉಳಿದದ್ದೆಲ್ಲ ನೆನಪಿದೆ ಎಂದರೆ ಯಾರು ನಂಬುತ್ತಾರೆ? ಒಂದನ್ನು ಮರೆತ ಮೇಲೆ ಎಲ್ಲವನ್ನೂ ಮರೆಯಬೇಕಿತ್ತು. ಆ ಹುಡುಗಿ ಅವರನ್ನು ನೋಡಿ ನಗುತ್ತಿದ್ದಳು. ಮೇಷ್ಟ್ರು ತಲೆ ತಗ್ಗಿಸಿದರು.

“ಗೊತ್ತಾಗ್ತಿಲ್ಲ ಸ್ವಾಮಿ.”

“ಏನ್ರೀ ಮೇಷ್ಟ್ರೇ!” ಗೌಡರು ಗಾಬರಿಯಾಗಿ ಎದ್ದರು. “ನಮ್ಮ ಬೆಳ್ಳವ್ವನ ಮಗಳಲ್ರೀ! ನಿನ್ನೆ ಸಂಜಿಕೆ ಇವಳ ಅವ್ವನ ಸಂಗಾಟ ಮಾತಾಡ್ಕೋತ ನಿಂತಿದ್ರಲ್ರೀ!”

ಹುಡುಗಿ ಅಳುತ್ತಾ ಓಡಿದಳು. ಜ್ಞಾಪಕಶಕ್ತಿ ಕುಂದಿದೆ, ಪುನಃ ನೇಮಕಕ್ಕೆ ಯೋಗ್ಯರಲ್ಲ ಎಂದು ಸಾಹೇಬರು ಬರೆದುಕೊಂಡರು. ನೇಮಕವೇ ಇಲ್ಲವೆಂದ ಮೇಲೆ ಮೂಗರ್ಜಿಗೆ ಬೆಲೆಯಿಲ್ಲ. ಪುಸ್ತಕ ಮುಚ್ಚಿತು. ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಈ ಸಲ ಒಂದೇ ಸಲಕ್ಕೆ ಬೀಗ ಬಿತ್ತು.

ಮಾರನೆಯ ದಿನದಿಂದ ಮೇಷ್ಟ್ರು ಶಾಲೆಗೆ ಬರಲಿಲ್ಲ. ಊರವರು ಅವರನ್ನು ದಾರಿಯಲ್ಲಿ ಕಂಡರೆ ಕಿವುಡರ ಜೊತೆ ಮಾತಾಡುವಂತೆ ಕೂಗತೊಡಗಿದರು — “ನಾನ್ರೀ ಮೇಷ್ಟ್ರೇ, ಕೆಳಗಿನ ಮನಿ ಹನುಮ!” ಅವರು ಕೈಮುಗಿದು ಮುಂದೆ ಹೋಗುತ್ತಿದ್ದರು. ಇನ್‌ಸ್ಪೆಕ್ಟರ ಮುಂದೆ ಆಡಿದ ಸುಳ್ಳನ್ನು ಊರ ಮುಂದೆಯೂ ದಿನಾ ಆಡಬೇಕಿತ್ತು. ಒಂದು ದಿನ ಅವರಿಗೆ ನೆನಪು ಬಂದರೆ ಮಾರನೆಯ ದಿನ ನನ್ನ ಪುಟ ತೆರೆಯಬಹುದು ಎಂದು ಅವರು ಅಂಜಿದರೇನೋ. ನನ್ನ ಭಯವನ್ನು ಅವರು ಹೊತ್ತುಕೊಂಡರು ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ನನ್ನದೇನೂ ಕಡಿಮೆಯಾಗಲಿಲ್ಲ. ಅದಕ್ಕೆ ಅವರ ಮುಖವೂ ಸೇರಿಕೊಂಡಿತು, ಅಷ್ಟೇ.

ಶಾಲೆಗೆ ಎರಡನೆಯ ಮೇಷ್ಟ್ರು ಬರಲಿಲ್ಲ. ಮುಂದಿನ ಜೂನಿನಲ್ಲಿ ಕುರಿ ಹಟ್ಟಿಯ ಒಬ್ಬಾಕೆ ತನ್ನ ಮಗಳನ್ನು ಕರೆತಂದಳು. ಎತ್ತರದ ಹುಡುಗಿ, ಹತ್ತು ತುಂಬಿರಬೇಕು. “ಆರು ಅಂತ ಬರ್ಕಳ್ರೀ ಯಪ್ಪಾ. ಸಣ್ಣ ಹುಡುಗ್ರ ಸಂಗಾಟ ಕುಂದರ್ತಾಳೆ” ಎಂದಳು. ನಿಜವಾದ ವಯಸ್ಸನ್ನೇ ಬರೆಯುತ್ತೇನೆ ಎಂದೆ, ಕಾನೂನು ಎಂದೆ, ಇನ್ನೂ ಏನೇನೋ ನ್ಯಾಯದ ಮಾತಾಡಿದೆ. ಆಕೆ ಕೇಳಿಸಿಕೊಂಡಳು. “ರುದ್ರಪ್ಪ ಮೇಷ್ಟ್ರು ಇದ್ದಿದ್ರೆ ಸೇರಿಸ್ಕಂತಿದ್ರು. ಪಾಪ, ಅವ್ರಿಗೆ ಮರವು” ಎಂದು ಮಗಳ ಕೈ ಹಿಡಿದು ಹೋದಳು. ಆ ಹುಡುಗಿ ಈಗ ಕುರಿ ಹಿಂದೆ ಹೋಗುವುದನ್ನು ನಾನು ಶಾಲೆಯ ಕಿಟಕಿಯಿಂದ ನೋಡುತ್ತೇನೆ.

ಮೇಷ್ಟ್ರು ಈಗ ಸೊರಬದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಅವರ ಮಗಳು ಬಾಗಿಲಿಗೆ ಬಂದು ನನ್ನನ್ನು ಒಳಗೆ ಕರೆದು, ಅವರ ಕಿವಿಯ ಹತ್ತಿರ ಬಗ್ಗಿ, “ಅಪ್ಪಯ್ಯ, ನಿಂಗಪ್ಪ ಬಂದಿದಾನೆ ನೋಡಿ. ನಿಮ್ಮ ಶಿಷ್ಯ” ಎಂದರು.

“ಯಾವ ನಿಂಗಪ್ಪ?”

“ನೋಡಿ, ಹೀಗೇ” ಎಂದು ಆಕೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. “ಒಂದೊಂದು ದಿನ ನನ್ನನ್ನೇ ಯಾರು ಅಂತಾರೆ.” ಕಾಫಿ ತರಲು ಒಳಗೆ ಹೋದರು.

ನಿಜಕ್ಕೂ ಮರೆವು ಬಂದಿದೆ, ನಾನು ಆಡಿದ್ದು ನಿಜವಾಗಿಬಿಟ್ಟಿದೆ — ಎಷ್ಟು ನೀಚನೆಂದರೆ, ಒಂದು ಗಳಿಗೆ ನನಗೆ ಹಾಯೆನಿಸಿತು. ಅಷ್ಟರಲ್ಲಿ ಮೇಷ್ಟ್ರು ಒಳಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ನನ್ನ ಕಡೆ ಬಾಗಿದರು.

“ಬೆಳ್ಳವ್ವನ ಮಗಳು ಭಾಗಾಕಾರ ಕಲಿತಳೇನೋ? ಅವತ್ತು ಅತ್ತುಕೊಂಡು ಹೋದ್ಲು.”

ಹೌದೆಂದು ತಲೆಯಾಡಿಸಿದೆ. ಮಗಳ ಹೆಜ್ಜೆ ಸದ್ದಾಯಿತು. ಮೇಷ್ಟ್ರ ಮುಖ ನನ್ನ ಕಣ್ಣೆದುರಿಗೇ ಖಾಲಿಯಾಯಿತು. ಲೋಟ ಕೈಗೆ ಕೊಟ್ಟರೆ ಅದೇನೆಂದು ತಿಳಿಯದವರಂತೆ ಹಿಡಿದು ಕೂತರು. ಮಗಳು ಅವರ ಕೈಯನ್ನು ಬಾಯಿಯ ಕಡೆಗೆ ಒಯ್ದರು. ನಾನು ಕಾಫಿ ಕುಡಿದು, ಕಾಲು ಮುಟ್ಟಿ, ಎದ್ದು ಬಂದೆ. ಹೇಳಲಿಲ್ಲ.

ಈಗ ಹೇಳಬೇಕೆಂದಿದ್ದೇನೆ. ಹೆಸರು ಮುಚ್ಚಿಕೊಂಡು ಬರೆದ ಈ ಕಾಗದದಂತಲ್ಲ, ನನ್ನ ಸಹಿ ಹಾಕಿ, ಬಲಗೈಯಲ್ಲಿ ಬರೆದು, ಆ ಕಚೇರಿಗೇ ಕೊಡಬೇಕೆಂದಿದ್ದೇನೆ. ಕೆಲಸ ಹೋಗಲಿ, ಭಯವಿಲ್ಲವೆಂದಲ್ಲ, ಬರೆಯುವಾಗಲೇ ಬೆವರುತ್ತಿದ್ದೇನೆ. ಆದರೆ ಇನ್ನೊಂದು ತೊಡಕಿದೆ, ಅದನ್ನು ಯಾವ ವಾದದಿಂದಲೂ ದಾಟಲಾಗಲಿಲ್ಲ. ಮೇಷ್ಟ್ರೇ, ನಾನು ಸತ್ಯ ಹೇಳಿದ ದಿನ ನೀವು ಮರೆವಿನ ಮುದುಕರಲ್ಲ ಎಂದಾಗುತ್ತದೆ, ನಿಮ್ಮ ಮಗಳ ಕಣ್ಣೀರು ನಿಲ್ಲುತ್ತದೆ. ಅದೇ ದಿನ, ಸರ್ಕಾರದ ಪುಸ್ತಕದಲ್ಲಿ ಗೊತ್ತಿದ್ದೂ ಸುಳ್ಳು ಬರೆದವರು, ಸಾಹೇಬರ ಮುಂದೆ ಸುಳ್ಳು ಹೇಳಿದವರು ಎಂದೂ ಆಗುತ್ತದೆ. ಹೇಳದಿದ್ದರೆ ನಿಮ್ಮ ಹೆಸರು ಶುದ್ಧವಾಗಿಯೇ ಉಳಿಯುತ್ತದೆ, ನೀವು ಮಾತ್ರ ಉಳಿಯುವುದಿಲ್ಲ. ನನ್ನನ್ನು ಉಳಿಸುವುದು ಬೇಡ. ನಿಮಗಾಗಿ ಮಾತ್ರ ಹೇಳಿ ಮೇಷ್ಟ್ರೇ — ನಾನು ಬಾಯಿ ಬಿಡಲೋ, ಬೇಡವೋ?